ಮಕ್ಕಳ ಮನೆಗೆ ಇಂಗ್ಲೆಂಡಿಗೆ ಹೊರಟವರು ಪದೇ ಪದೇ ಕೇಳುವ ಇಂಗ್ಲಿಷ್ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ವಾರಕ್ಕೆ ಎರಡು ಸಂಜೆ ಇಂಗ್ಲಿಷ್ ಪಾಠ ನಡೆಯುತ್ತದೆ. ಬರುವವರು ಹೆಚ್ಚಾಗಿ ಅರವತ್ತು ದಾಟಿದವರು. ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದಾರೆ, ಟಿಕೆಟ್ ಬುಕ್ ಆಗಿದೆ, ಹೊರಡಲು ಒಂದೆರಡು ತಿಂಗಳಿದೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಜೋರಾಗಿ ಓದಿ, ಬಾಯಿಗೆ ಬರಲಿ.

ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಪದಗಳು ಗೊತ್ತು. ಆದರೆ ಇನ್, ಆನ್, ಅಟ್ ಬಂದ ಕೂಡಲೇ ತಡವರಿಸುತ್ತೇನೆ. ಯಾಕೆ?

ಕನ್ನಡದಲ್ಲಿ ಈ ಕೆಲಸ ಪದದ ಬಾಲದಲ್ಲಿರುತ್ತದೆ. ಪ್ರೈಮರಿ ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ' ಅಂತ ರಾಗವಾಗಿ ಹೇಳಿದ್ದು ನೆನಪಿದೆ ಅಲ್ವಾ? ಅದೇ ವಿಭಕ್ತಿ ಪ್ರತ್ಯಯ. ನಾವು 'ಲಂಡನ್ನಿಗೆ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಆ 'ಗೆ' ಪದಕ್ಕಿಂತ ಮೊದಲೇ ಬಂದು ಕೂರುತ್ತದೆ: 'ಟು ಲಂಡನ್'.

ಇಷ್ಟೇ ಆಗಿದ್ದರೆ ಒಂದು ವಾರದಲ್ಲಿ ಕಲಿತು ಮುಗಿಸಬಹುದಿತ್ತು. ತೊಡಕು ಏನೆಂದರೆ, ನಮ್ಮ ಒಂದೇ ಪ್ರತ್ಯಯದ ಕೆಲಸವನ್ನು ಇಂಗ್ಲಿಷ್ ನಾಲ್ಕೈದು ಪದಗಳಿಗೆ ಹಂಚಿಬಿಟ್ಟಿದೆ. 'ಇಂದ' ತೆಗೆದುಕೊಳ್ಳಿ. ಬೆಂಗಳೂರಿನಿಂದ ಬಂದೆ ಅಂದರೆ 'ಫ್ರಮ್'. ಚಾಕುವಿನಿಂದ ಕತ್ತರಿಸಿದೆ ಅಂದರೆ 'ವಿತ್'. ಸೋಮವಾರದಿಂದ ಜ್ವರ ಅಂದರೆ 'ಸಿನ್ಸ್'. ಮೂರು ದಿನದಿಂದ ಜ್ವರ ಅಂದರೆ 'ಫಾರ್'. ಮಳೆಯಿಂದ ತಡವಾಯಿತು ಅಂದರೆ 'ಬಿಕಾಸ್ ಆಫ್'. ನಮ್ಮ ಕಿವಿಗೆ ಐದೂ ಒಂದೇ.

ಹಾಗಾಗಿ ನೀವು ದಡ್ಡರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಿಮ್ಮ ಭಾಷೆ ಒಂದು ಡಬ್ಬದಲ್ಲಿ ಇಟ್ಟದ್ದನ್ನು ಆ ಭಾಷೆ ಐದು ಡಬ್ಬದಲ್ಲಿ ಇಟ್ಟಿದೆ. ಯಾವ ಡಬ್ಬದಲ್ಲಿ ಏನಿದೆ ಅಂತ ತಿಳಿದುಕೊಂಡರೆ ಆಯಿತು. ಅದಕ್ಕೆ ನಾನು ಇನ್, ಆನ್, ಅಟ್‌ನಿಂದ ಪಾಠ ಶುರು ಮಾಡುವುದಿಲ್ಲ. ನಮ್ಮ 'ಅಲ್ಲಿ', 'ಇಂದ', 'ಗೆ'ಯಿಂದ ಶುರು ಮಾಡುತ್ತೇನೆ.

ಸರಿ, 'ಅಲ್ಲಿ' ಅನ್ನುವುದಕ್ಕೆ ಯಾವುದನ್ನು ಹಾಕಲಿ?

ಲಂಡನ್ನಿನಲ್ಲಿ, ಮೂರನೇ ಮಹಡಿಯಲ್ಲಿ, ಬಸ್ ಸ್ಟಾಪಿನಲ್ಲಿ. ಮೂರಕ್ಕೂ ನಮ್ಮದು 'ಅಲ್ಲಿ'. ಇಂಗ್ಲಿಷಿನಲ್ಲಿ 'ಇನ್ ಲಂಡನ್', 'ಆನ್ ದಿ ಥರ್ಡ್ ಫ್ಲೋರ್', 'ಅಟ್ ದ ಬಸ್ ಸ್ಟಾಪ್'.

ಒಂದು ವಿಳಾಸವನ್ನು ಕಣ್ಣ ಮುಂದೆ ತಂದುಕೊಳ್ಳಿ. ದೇಶ, ಊರು, ಕೋಣೆ: ನಿಮ್ಮ ಸುತ್ತ ಹರಡಿಕೊಂಡಿರುವ ಜಾಗ, ನೀವು ಅದರ ಒಳಗಿದ್ದೀರಿ. ಅದಕ್ಕೆ 'ಇನ್'. ಮಹಡಿ, ಪ್ಲಾಟ್‌ಫಾರ್ಮ್, ಎಡಗಡೆ, ಬಲಗಡೆ: ಕಾಲೂರುವ ನೆಲ ಅಥವಾ ಒಂದು ಗೆರೆ. ಅದಕ್ಕೆ 'ಆನ್'. ಮನೆ ನಂಬರ್, ಸ್ಟಾಪ್, ಕೌಂಟರ್, ಗೇಟ್: ಮ್ಯಾಪಿನಲ್ಲಿ ಬೆರಳಿಟ್ಟು ತೋರಿಸುವ ಬಿಂದು. ಅದಕ್ಕೆ 'ಅಟ್'. ಮಗನಿಗೆ ಫೋನ್ ಮಾಡಿ ಎಲ್ಲಿದ್ದೀರಿ ಅಂತ ಹೇಳುವಾಗ ಹೆಚ್ಚಾಗಿ ಬೇಕಾಗುವುದು ಈ 'ಅಟ್'. 'ಐ ಆಮ್ ಅಟ್ ಗೇಟ್ ಟ್ವೆಲ್ವ್.' 'ಐ ಆಮ್ ಅಟ್ ದ ಇನ್ಫರ್ಮೇಷನ್ ಡೆಸ್ಕ್.'

ಸಮಯಕ್ಕೂ ಇದೇ ಲೆಕ್ಕ ಹೊಂದುತ್ತದೆ. ದೊಡ್ಡದಕ್ಕೆ 'ಇನ್': 'ಇನ್ ಜೂನ್', 'ಇನ್ 2019'. ಒಂದು ದಿನಕ್ಕೆ 'ಆನ್': 'ಆನ್ ಮಂಡೇ', 'ಆನ್ ದ ಟೆಂತ್ ಆಫ್ ಜೂನ್'. ಗಡಿಯಾರದ ಮುಳ್ಳಿಗೆ 'ಅಟ್': 'ಅಟ್ ಸಿಕ್ಸ್ ಓ ಕ್ಲಾಕ್'. ಬೆಳಿಗ್ಗೆ 'ಇನ್ ದ ಮಾರ್ನಿಂಗ್', ರಾತ್ರಿ ಮಾತ್ರ 'ಅಟ್ ನೈಟ್'. ಇದಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ, ಹಾಗೇ ಬಾಯಿಪಾಠ ಮಾಡಿ. 'ನೆಕ್ಸ್ಟ್', 'ಲಾಸ್ಟ್', 'ದಿಸ್' ಬಂದರೆ ಏನೂ ಬೇಡ. 'ಐ ಆಮ್ ಲೀವಿಂಗ್ ನೆಕ್ಸ್ಟ್ ಮಂಡೇ' ಅಂದರೆ ಸಾಕು.

ಬಸ್ಸಿಗೆ 'ಆನ್', ಕಾರಿಗೆ 'ಇನ್' ಅಂತಾರಲ್ಲ. ಕೂರುವುದು ಎರಡರ ಒಳಗೂ ತಾನೇ?

ಹತ್ತಿದ ಮೇಲೆ ಎದ್ದು ನಿಂತು ಓಡಾಡಲು ಆಗುತ್ತಾ ಅಂತ ನೋಡಿ. ಆಗುತ್ತದೆ ಅಂದರೆ 'ಆನ್': ಬಸ್, ರೈಲು, ವಿಮಾನ, ಹಡಗು. ತಲೆ ಬಗ್ಗಿಸಿ ಒಳಗೆ ತೂರಿ ಕೂರಬೇಕು ಅಂದರೆ 'ಇನ್': ಕಾರು, ಟ್ಯಾಕ್ಸಿ, ನಮ್ಮ ಆಟೋ. ಕಾಲು ಹಾಕಿ ಮೇಲೆ ಕೂರುವ ಸೈಕಲ್, ಸ್ಕೂಟರ್, ಕುದುರೆಗೂ 'ಆನ್'.

ಇಳಿಯುವುದಕ್ಕೂ ಇದರದೇ ಜೋಡಿ. ಬಸ್ಸಿನಿಂದ 'ಗೆಟ್ ಆಫ್', ಕಾರಿನಿಂದ 'ಗೆಟ್ ಔಟ್ ಆಫ್'. ನಾವು ಇಲ್ಲಿ 'ಗೆಟ್ ಡೌನ್' ಅನ್ನುತ್ತೇವೆ. ಅಲ್ಲಿ 'ಗೆಟ್ ಡೌನ್' ಅಂದರೆ ಕೆಳಗೆ ಬಗ್ಗು ಅನ್ನುವ ಅರ್ಥವೂ ಬರುತ್ತದೆ. 'ವೇರ್ ಡು ಐ ಗೆಟ್ ಆಫ್?' ಅಂತ ಕೇಳಿ. 'ಬೈ ವಾಕ್ ಬಂದೆ' ಅಂತಲೂ ನಾವು ಜಾಸ್ತಿ ಹೇಳುತ್ತೇವೆ. ಬಸ್ಸು, ರೈಲು, ಕಾರಿಗೆ 'ಬೈ' ಸರಿ. ಕಾಲಿಗೆ 'ಆನ್ ಫುಟ್'. ಇಲ್ಲವೇ 'ಐ ವಾಕ್ಡ್' ಅಂದುಬಿಡಿ.

ಇಮಿಗ್ರೇಷನ್ ಕೌಂಟರಿನಲ್ಲಿ ಏನು ಕೇಳುತ್ತಾರೆ? ಅದೇ ನನಗೆ ದೊಡ್ಡ ಭಯ.

ಪಾಠಕ್ಕೆ ಬರುವ ಎಲ್ಲರೂ ಇದನ್ನು ಕೇಳಿಯೇ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚಿಲ್ಲ. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಎಲ್ಲಿ ಇರುತ್ತೀರಿ, ವಾಪಸ್ ಟಿಕೆಟ್ ಇದೆಯಾ. ಇಷ್ಟರ ಸುತ್ತಲೇ ಸುತ್ತುತ್ತವೆ. ಗಾಬರಿಯಾಗುವುದು ಕೇಳುವ ವರಸೆಯಿಂದ.

'ವಾಟ್ ಈಸ್ ದ ಪರ್ಪಸ್ ಆಫ್ ಯುವರ್ ವಿಸಿಟ್?' ಅಂದರೆ ಯಾಕೆ ಬಂದಿದ್ದೀರಿ ಅಂತ. 'ಐ ಆಮ್ ಹಿಯರ್ ಟು ವಿಸಿಟ್ ಮೈ ಡಾಟರ್' ಅನ್ನಿ. 'ವಿಸಿಟ್' ಆದಮೇಲೆ ಇನ್ನೊಂದು 'ಟು' ಬೇಡ.

'ಹೌ ಲಾಂಗ್ ಆರ್ ಯು ಹಿಯರ್ ಫಾರ್?' ಇಲ್ಲಿ ಕಿವಿ ಚುರುಕಾಗಿರಲಿ. ಕೊನೆಯಲ್ಲಿ ಬರುವ ಆ 'ಫಾರ್' ಮುಂದಿನ ದಿನಗಳನ್ನು ಕೇಳುತ್ತಿದೆ, ಅಂದರೆ ಇನ್ನೆಷ್ಟು ದಿನ ಇರುತ್ತೀರಿ ಅಂತ. 'ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?' ಅಂದರೆ ಬಂದು ಎಷ್ಟು ದಿನವಾಯಿತು ಅಂತ. ಮೊದಲನೆಯದಕ್ಕೆ ಉತ್ತರ 'ಫಾರ್ ಎಯ್ಟ್ ವೀಕ್ಸ್' ಅಥವಾ 'ಅಂಟಿಲ್ ದ ಟ್ವೆಂಟಿಯತ್ ಆಫ್ ಆಗಸ್ಟ್'. ವಾಪಸ್ ಟಿಕೆಟಿನ ತಾರೀಖು ಬಾಯಲ್ಲೇ ಇರಲಿ. ಸಾಮಾನ್ಯ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ಹಾಗಂತ 'ಸಿಕ್ಸ್ ಮಂತ್ಸ್' ಅಂತ ಸುಮ್ನೆ ಹೇಳಬೇಡಿ. ಎಷ್ಟು ದಿನ ಇರುತ್ತೀರೋ ಅಷ್ಟೇ ಹೇಳಿ.

'ವೇರ್ ವಿಲ್ ಯು ಬಿ ಸ್ಟೇಯಿಂಗ್?' ಇದಕ್ಕೆ 'ವಿತ್ ಮೈ ಡಾಟರ್, ಇನ್ ರೆಡಿಂಗ್'. ಜನರ ಜೊತೆ 'ವಿತ್', ಊರಿಗೆ 'ಇನ್', ಮನೆ ನಂಬರಿಗೆ 'ಅಟ್'. ಅಂದ ಹಾಗೆ, ಆ ಊರಿನ ಸ್ಪೆಲಿಂಗ್ ನೋಡಿ 'ರೀಡಿಂಗ್' ಅಂತ ಓದಬೇಡಿ. ಊರಿನ ಹೆಸರು ರೆಡಿಂಗ್. ಹಾಗೇ ಲೆಸ್ಟರ್ ಅನ್ನುವ ಊರಿನ ಹೆಸರೂ ಬರೆಯುವುದು ಒಂದು, ಹೇಳುವುದು ಇನ್ನೊಂದು. ಬರೆದಿರುವಂತೆ ಓದಿದರೆ ಅಲ್ಲಿಯವರಿಗೇ ಯಾವ ಊರು ಅಂತ ತಿಳಿಯುವುದಿಲ್ಲ. ನಿಮ್ಮ ಮಕ್ಕಳ ಊರಿನ ಹೆಸರನ್ನು ಅವರ ಬಾಯಿಂದಲೇ ಎರಡು ಸಲ ಹೇಳಿಸಿಕೊಳ್ಳಿ.

ಅರ್ಥವಾಗದೆ 'ಯೆಸ್, ಯೆಸ್' ಅನ್ನುವುದು ಬೇಡವೇ ಬೇಡ. ಇನ್, ಆನ್, ಅಟ್ ತಪ್ಪಾಗುವುದಕ್ಕಿಂತ ಅರ್ಥವಾಗದ 'ಯೆಸ್' ಹೆಚ್ಚು ತೊಂದರೆ ಕೊಡುತ್ತದೆ. 'ಸಾರಿ, ಕುಡ್ ಯು ಸೇ ದಟ್ ಅಗೇನ್, ಪ್ಲೀಸ್?' ಅನ್ನಿ. ಆಗಲೂ ಆಗದಿದ್ದರೆ 'ಐ ಸ್ಪೀಕ್ ಓನ್ಲಿ ಎ ಲಿಟಲ್ ಇಂಗ್ಲಿಷ್. ಈಸ್ ದೇರ್ ಎನಿವನ್ ಹೂ ಸ್ಪೀಕ್ಸ್ ಕನ್ನಡ?' ಅಂತ ಕೇಳಿ. ಹೀಗೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

'ಸಿನ್ಸ್' ಮತ್ತು 'ಫಾರ್' ಯಾವಾಗಲೂ ಅದಲು ಬದಲಾಗುತ್ತದೆ.

ಎಣಿಸುವಂಥದ್ದಾದರೆ 'ಫಾರ್': ಎರಡು ದಿನ, ಮೂರು ವಾರ, ಹತ್ತು ವರ್ಷ. ಶುರುವಾದ ಹೊತ್ತಾದರೆ 'ಸಿನ್ಸ್': ಸೋಮವಾರ, ಮಾರ್ಚ್, ನಿನ್ನೆ ರಾತ್ರಿ. 'ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ವೀಕ್ಸ್.' 'ಐ ಹ್ಯಾವ್ ಬೀನ್ ಹಿಯರ್ ಸಿನ್ಸ್ ಮಂಡೇ.' ನಾವು 'ಐ ಆಮ್ ಹಿಯರ್ ಸಿನ್ಸ್ ಟೂ ವೀಕ್ಸ್' ಅನ್ನುವುದು ನಮ್ಮ 'ಎರಡು ವಾರದಿಂದ ಇದ್ದೇನೆ' ಅನ್ನುವುದರ ನೆರಳು. 'ಇದ್ದೇನೆ' ಅಂದಾಗ ಬಾಯಿಗೆ 'ಆಮ್' ಬರುವುದು ಸಹಜ. ಆದರೆ ಇಲ್ಲಿ 'ಹ್ಯಾವ್ ಬೀನ್' ಬೇಕು.

'ಟು' ಎಲ್ಲಿ ಹಾಕಬಾರದು?

'ಗೋ ಹೋಮ್', 'ಕಮ್ ಹಿಯರ್', 'ರೀಚ್ ಲಂಡನ್', 'ನಿಯರ್ ದ ಸ್ಟೇಷನ್', 'ಆಸ್ಕ್ ಹಿಮ್', 'ಕಾಲ್ ಮೈ ಸನ್'. ಈ ಆರರಲ್ಲೂ 'ಟು' ಇಲ್ಲ. ಮನೆಗೆ ಹೋದೆ, ಲಂಡನ್ನಿಗೆ ತಲುಪಿದೆ, ಮಗನಿಗೆ ಫೋನ್ ಮಾಡಿದೆ ಅಂತ ನಮ್ಮಲ್ಲಿ 'ಗೆ' ಇರುವುದರಿಂದ ಕೈ ತಾನಾಗಿ 'ಟು' ಕಡೆ ಹೋಗುತ್ತದೆ. 'ಅರೈವ್'ಗೂ 'ಟು' ಸೇರುವುದಿಲ್ಲ. ಊರಿಗೆ 'ಅರೈವ್ ಇನ್ ಲಂಡನ್', ಜಾಗಕ್ಕೆ 'ಅರೈವ್ ಅಟ್ ಹೀತ್ರೂ' (ಹೀತ್ರೂ ಅಂದರೆ ಲಂಡನ್ನಿನ ಏರ್‌ಪೋರ್ಟ್).

'ಐದು ಗಂಟೆಯೊಳಗೆ', 'ಐದು ಗಂಟೆವರೆಗೆ', 'ಒಂದು ಗಂಟೆ ಬಿಟ್ಟು'. ಇವನ್ನು ಹೇಗೆ ಹೇಳುವುದು?

ಐದರೊಳಗೆ ಬನ್ನಿ ಅಂದರೆ 'ಕಮ್ ಬೈ ಫೈವ್'. ಅಂಗಡಿ ಐದರವರೆಗೆ ತೆರೆದಿರುತ್ತದೆ ಅಂದರೆ 'ಓಪನ್ ಅಂಟಿಲ್ ಫೈವ್'. ಒಂದು ಗಂಟೆ ಬಿಟ್ಟು ಬಸ್ ಬರುತ್ತದೆ ಅಂದರೆ 'ದ ಬಸ್ ಕಮ್ಸ್ ಇನ್ ಒನ್ ಅವರ್'. ಈ ಕೊನೆಯದು ನಮ್ಮವರಿಗೆ ಮೋಸ ಮಾಡುತ್ತದೆ. 'ಇನ್' ಕೇಳಿದ ಕೂಡಲೇ 'ಒಂದು ಗಂಟೆಯ ಒಳಗೆ' ಅಂತ ಅರ್ಥ ಮಾಡಿಕೊಳ್ಳುತ್ತೇವೆ. 'ಐ ವಿಲ್ ಬಿ ಬ್ಯಾಕ್ ಇನ್ ಟೆನ್ ಮಿನಿಟ್ಸ್' ಅಂತ ಯಾರಾದರೂ ಹೇಳಿ ಹೋದರೆ ಹತ್ತು ನಿಮಿಷ ಆದಮೇಲೆ ಬರುತ್ತಾರೆ ಅಂತ ತಿಳಿಯಿರಿ. ಒಳಗೆ ಅನ್ನಬೇಕಿದ್ದರೆ 'ವಿದಿನ್'.

ದಾರಿ ಕೇಳುವುದು ಹೇಗೆ? ಅವರು ಹೇಳಿದ್ದು ಅರ್ಥವಾಗಬೇಕಲ್ಲ!

ಕೇಳಲು ಒಂದೇ ವಾಕ್ಯ ಸಾಕು: 'ಎಕ್ಸ್‌ಕ್ಯೂಸ್ ಮಿ, ಹೌ ಡು ಐ ಗೆಟ್ ಟು ದ ಸ್ಟೇಷನ್?' ಊರು, ಅಂಗಡಿ, ಆಸ್ಪತ್ರೆ ಯಾವುದನ್ನು ಬೇಕಾದರೂ ಕೊನೆಗೆ ಹಾಕಿಕೊಳ್ಳಿ.

ಉತ್ತರದಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ 'ಎದುರು' ಎರಡು ಕೆಲಸ ಮಾಡುತ್ತದೆ. 'ಬ್ಯಾಂಕಿನ ಎದುರು ನಿಂತಿದ್ದೇನೆ' ಅಂದರೆ ಬ್ಯಾಂಕಿನ ಬಾಗಿಲ ಮುಂದೆಯೇ ಇರಬಹುದು, ರಸ್ತೆಯ ಆಚೆ ಕಡೆ ಇರಬಹುದು. ಇಂಗ್ಲಿಷಿನಲ್ಲಿ ಬಾಗಿಲ ಮುಂದೆ ಅಂದರೆ 'ಇನ್ ಫ್ರಂಟ್ ಆಫ್ ದ ಬ್ಯಾಂಕ್', ರಸ್ತೆ ದಾಟಿ ಆಚೆ ಅಂದರೆ 'ಆಪೊಸಿಟ್ ದ ಬ್ಯಾಂಕ್'. ನನ್ನ ಹತ್ತಿರ ಪಾಠಕ್ಕೆ ಬಂದಿದ್ದ ಒಬ್ಬರು ಅಮ್ಮ ಇದನ್ನು ತಪ್ಪಾಗಿ ಹೇಳಿ, ಅಳಿಯ ರಸ್ತೆಯ ಆ ಬದಿಯಲ್ಲಿ ಹುಡುಕುತ್ತಾ, ಇವರು ಈ ಬದಿಯಲ್ಲಿ ಚಳಿಯಲ್ಲಿ ಕಾಯುತ್ತಾ ಅರ್ಧ ಗಂಟೆ ನಿಂತಿದ್ದರಂತೆ. ಅವತ್ತಿನಿಂದ ಈ ಜೋಡಿಯನ್ನು ಮೊದಲ ವಾರವೇ ಕಲಿಸುತ್ತೇನೆ.

ಪಕ್ಕದಲ್ಲಿ 'ನೆಕ್ಸ್ಟ್ ಟು', ಹಿಂದೆ 'ಬಿಹೈಂಡ್', ಎರಡರ ನಡುವೆ 'ಬಿಟ್ವೀನ್', ದಾಟಿ ಮುಂದಕ್ಕೆ 'ಪಾಸ್ಟ್'. 'ಗೋ ಪಾಸ್ಟ್ ದ ಚರ್ಚ್' ಅಂದರೆ ಚರ್ಚ್ ಬಂದಾಗ ನಿಲ್ಲಬೇಡಿ, ದಾಟಿ ಹೋಗಿ.

ಲಂಡನ್ನಿನ ಬಸ್ಸು, ನೆಲದಡಿ ಓಡುವ ಟ್ಯೂಬ್ ರೈಲಿಗೆ ಏನೇನು ಗೊತ್ತಿರಬೇಕು?

ಲಂಡನ್ ಬಸ್ಸುಗಳಲ್ಲಿ 2014ರ ಜುಲೈನಿಂದ ನಗದು ತೆಗೆದುಕೊಳ್ಳುವುದಿಲ್ಲ. ಟಿಕೆಟ್ ಹಣ ಕಡಿತವಾಗುವ ಕಾರ್ಡನ್ನು ಹಳದಿ ರೀಡರಿಗೆ, ಅಂದರೆ ಕಾರ್ಡ್ ಓದುವ ಯಂತ್ರಕ್ಕೆ, ತಾಗಿಸಬೇಕು. ಅದಕ್ಕೆ 'ಟಚ್ ಇನ್' ಅನ್ನುತ್ತಾರೆ. ಟ್ಯೂಬ್‌ನಲ್ಲಿ ಇಳಿದು ಹೊರಬರುವಾಗ 'ಟಚ್ ಔಟ್' ಕೂಡ ಮಾಡಬೇಕು, ಮರೆತರೆ ಹೆಚ್ಚು ಹಣ ಹೋಗುತ್ತದೆ. ಬಸ್ಸಿನಲ್ಲಿ 'ಔಟ್' ಇಲ್ಲ.

ಹೀತ್ರೂನಿಂದ ಊರೊಳಗೆ ಬರಲು ಪಿಕಾಡಿಲಿ ಲೈನ್ ಇದೆ, ಎಲಿಜಬೆತ್ ಲೈನ್ ಇದೆ. 'ಚೇಂಜ್ ಅಟ್ ಗ್ರೀನ್ ಪಾರ್ಕ್ ಫಾರ್ ದ ವಿಕ್ಟೋರಿಯಾ ಲೈನ್' ಅಂತ ಯಾರಾದರೂ ಹೇಳಿದರೆ, ಗ್ರೀನ್ ಪಾರ್ಕಿನಲ್ಲಿ ಇಳಿದು ವಿಕ್ಟೋರಿಯಾ ಲೈನಿಗೆ ಬದಲಾಯಿಸಿ ಅಂತ. 'ಅಟ್' ಆದಮೇಲೆ ಬದಲಾಯಿಸುವ ಜಾಗ, 'ಫಾರ್' ಆದಮೇಲೆ ಹತ್ತಬೇಕಾದ್ದು. ಈ ಎರಡು ಪದ ಕಿವಿಗೆ ಬಿದ್ದರೆ ಉಳಿದದ್ದು ಬೀಳದಿದ್ದರೂ ನಡೆಯುತ್ತದೆ.

'ಮೈಂಡ್ ದ ಗ್ಯಾಪ್' ಅನ್ನುವ ಎಚ್ಚರಿಕೆ 1960ರ ದಶಕದ ಕೊನೆಯಿಂದಲೂ ಅಲ್ಲಿ ಕೇಳಿಬರುತ್ತಿದೆ. ಪೂರ್ತಿ ಹೇಳಿದರೆ 'ಮೈಂಡ್ ದ ಗ್ಯಾಪ್ ಬಿಟ್ವೀನ್ ದ ಟ್ರೈನ್ ಅಂಡ್ ದ ಪ್ಲಾಟ್‌ಫಾರ್ಮ್'. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿ ನೋಡಿಕೊಳ್ಳಿ ಅಂತ. 'ಬಿಟ್ವೀನ್' ಮರೆತುಹೋದರೆ ಈ ವಾಕ್ಯ ನೆನಪಿಸಿಕೊಳ್ಳಿ.

ದೊಡ್ಡ ಸ್ಟೇಷನ್ನಿನಲ್ಲಿ 'ವಿಚ್ ಪ್ಲಾಟ್‌ಫಾರ್ಮ್ ಡಸ್ ದ ಟ್ರೈನ್ ಟು ರೆಡಿಂಗ್ ಲೀವ್ ಫ್ರಮ್?' ಅಂತ ಕೇಳಬೇಕಾಗುತ್ತದೆ. 'ಫ್ರಮ್' ಕೊನೆಗೆ ಬಂದಿದೆ, ತಪ್ಪೇನಿಲ್ಲ. 'ವೇರ್ ಆರ್ ಯು ಫ್ರಮ್?' ಅಂತ ಎಲ್ಲರೂ ಕೇಳುವುದೂ ಹಾಗೇ. ಹೋಗಿ ಬರುವ ಟಿಕೆಟಿಗೆ 'ರಿಟರ್ನ್', ಹೋಗುವುದಕ್ಕೆ ಮಾತ್ರ ಆದರೆ 'ಸಿಂಗಲ್'.

ನಾನು ಮರ್ಯಾದೆಯಾಗಿಯೇ ಕೇಳಿದೆ. ಆದರೂ ಮಗಳು 'ಅಮ್ಮ, ಅದು ಒರಟಾಯ್ತು' ಅಂದಳು. ಯಾಕೆ?

ನೀವು 'ಗಿವ್ ಮಿ ಒನ್ ಕಾಫಿ' ಅಂದಿರಬೇಕು. ಕನ್ನಡದಲ್ಲಿ 'ಒಂದು ಕಾಫಿ ಕೊಡಿ' ಅಂದರೆ ಆ 'ಕೊಡಿ'ಯಲ್ಲೇ ಮರ್ಯಾದೆ ಇದೆ. 'ಕೊಡು' ಅಲ್ಲವಲ್ಲ. ಇಂಗ್ಲಿಷಿನ 'ಗಿವ್'ಗೆ ಕೊಡು, ಕೊಡಿ ಎರಡೂ ಒಂದೇ. ಹಾಗಾಗಿ ಮರ್ಯಾದೆಯನ್ನು ಹೊರಗಿನಿಂದ ಸೇರಿಸಬೇಕು. 'ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್?' ಅನ್ನಿ. ನಮ್ಮಲ್ಲಿ ಮಾತುಮಾತಿಗೂ ಥ್ಯಾಂಕ್ಸ್ ಹೇಳಿದರೆ ಹತ್ತಿರದವರು ಬೇಜಾರು ಮಾಡಿಕೊಳ್ಳುತ್ತಾರೆ, ಅಲ್ಲಿ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೂ ಹೇಳುವವರಿದ್ದಾರೆ. ಜಾಸ್ತಿಯಾಯಿತು ಅಂತ ಯಾರೂ ಅನ್ನುವುದಿಲ್ಲ.

'ಯು ಆಲ್ರೈಟ್?' ಅಂತ ಯಾರಾದರೂ ಕೇಳಿದರೆ ನಿಮಗೆ ಏನೋ ಆಗಿದೆ ಅಂತ ಅಲ್ಲ. ಅದು ನಮ್ಮ 'ಚೆನ್ನಾಗಿದ್ದೀರಾ?'. 'ಯೆಸ್, ಥ್ಯಾಂಕ್ ಯು' ಅಂದು ನಕ್ಕರೆ ಸಾಕು.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೇಗೆ ಹೇಳುವುದು?

'ಪ್ಯೂರ್ ವೆಜ್' ಅಂದರೆ ಅಲ್ಲಿ ಎಲ್ಲರಿಗೂ ತಿಳಿಯುವುದಿಲ್ಲ. 'ವೆಜಿಟೇರಿಯನ್' ಅಂದರೆ ಮೊಟ್ಟೆ ಇರಬಹುದು. ಅದಕ್ಕೇ ಬಿಡಿಸಿ ಕೇಳಿ: 'ಈಸ್ ದೇರ್ ಎನಿ ಎಗ್ ಇನ್ ಇಟ್?' ಬೇಡದ್ದಕ್ಕೆ 'ವಿದೌಟ್': 'ವಿದೌಟ್ ಎಗ್, ಪ್ಲೀಸ್'. ವಿಮಾನದ ಊಟವನ್ನು ಮೊದಲೇ ಹೇಳಿಡಬೇಕು, ಹತ್ತಿದ ಮೇಲೆ ಕೇಳಿದರೆ ಸಿಗುವ ಖಾತ್ರಿ ಇಲ್ಲ.

ತರಕಾರಿ ಅಂಗಡಿಯಲ್ಲಿ ನಮ್ಮ ಇಂಗ್ಲಿಷ್ ಹೆಸರುಗಳು ಕೆಲಸಕ್ಕೆ ಬರುವುದಿಲ್ಲ. ಬದನೆಕಾಯಿಗೆ 'ಬ್ರಿಂಜಾಲ್' ಅನ್ನದೆ 'ಓಬರ್ಜೀನ್' ಅನ್ನಿ. ಬೆಂಡೆಕಾಯಿ 'ಓಕ್ರಾ'. ಮೊಸರು 'ಪ್ಲೇನ್ ಯೋಗರ್ಟ್', 'ಕರ್ಡ್' ಕೇಳಿದರೆ ನಿಂಬೆಹಣ್ಣಿನ ಸಿಹಿ ಜಾಮಿನ ಬಾಟಲಿ ಕೈಗೆ ಬಂದೀತು.

ಇನ್ನು ಬ್ಯಾಗಿನ ವಿಷಯ. ಭಾರತದಿಂದ ಇಂಗ್ಲೆಂಡಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಮಗನಿಗೆ ಇಷ್ಟ ಅಂತ ತುಪ್ಪ, ಪೇಡಾ ತುಂಬಿಕೊಳ್ಳಬೇಡಿ, ಕಷ್ಟವಾದರೂ ಬಿಟ್ಟು ಹೋಗಿ. ಚಟ್ನಿಪುಡಿ ಏನು ಅಂತ ಕೇಳಿದರೆ 'ಇಟ್ ಈಸ್ ಎ ಸ್ಪೈಸ್ ಪೌಡರ್, ಮೇಡ್ ಫ್ರಮ್ ಲೆಂಟಿಲ್ಸ್' ಅನ್ನಿ.

ಹುಷಾರಿಲ್ಲ ಅಂದರೆ ಏನು ಹೇಳಬೇಕು?

ನೋವಿಗೆ 'ಇನ್': 'ಐ ಹ್ಯಾವ್ ಎ ಪೇನ್ ಇನ್ ಮೈ ಚೆಸ್ಟ್.' ಮಾತ್ರೆಗೆ 'ಫಾರ್': 'ಐ ಟೇಕ್ ದಿಸ್ ಫಾರ್ ಬ್ಲಡ್ ಪ್ರೆಷರ್.' ಅಲರ್ಜಿಗೆ 'ಟು': 'ಐ ಆಮ್ ಅಲರ್ಜಿಕ್ ಟು ಪೆನಿಸಿಲಿನ್.' ಈ ಮೂರನ್ನು ನಿಮ್ಮ ಕಾಯಿಲೆ, ನಿಮ್ಮ ಔಷಧಿಗೆ ಹೊಂದಿಸಿ ಕಲಿಯಿರಿ. ತುರ್ತು ನಂಬರ್ 999.

ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಗೆ ಹೇಳಿಟ್ಟಿದ್ದರೆ 'ಐ ಹ್ಯಾವ್ ಬುಕ್ಡ್ ಸ್ಪೆಷಲ್ ಅಸಿಸ್ಟೆನ್ಸ್' ಅನ್ನಿ. ಮಂಡಿ ನೋವಿದ್ದವರು ಸಂಕೋಚ ಪಡದೆ ಟಿಕೆಟ್ ಮಾಡಿಸುವಾಗಲೇ ಕೇಳಿ. ಹೀತ್ರೂನಲ್ಲಿ ನಡೆಯುವ ದೂರ ಕಡಿಮೆಯಿಲ್ಲ.

ಮಗ ಇರುವುದು ಅಮೆರಿಕದಲ್ಲಿ. ಇದೇ ನಡೆಯುತ್ತದಾ?

ಬಹುಪಾಲು ನಡೆಯುತ್ತದೆ. 'ರಿಟರ್ನ್' ಬದಲು 'ರೌಂಡ್ ಟ್ರಿಪ್', 'ಆಪೊಸಿಟ್' ಬದಲು ಹೆಚ್ಚಾಗಿ 'ಅಕ್ರಾಸ್ ಫ್ರಮ್', 'ಅಟ್ ದ ವೀಕೆಂಡ್' ಬದಲು 'ಆನ್ ದ ವೀಕೆಂಡ್', ಬದನೆಕಾಯಿ 'ಎಗ್‌ಪ್ಲಾಂಟ್'. ಮುಖ್ಯವಾಗಿ ಮಹಡಿ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಗ್ರೌಂಡ್, ಆಮೇಲೆ ಫಸ್ಟ್. ಅಮೆರಿಕದಲ್ಲಿ ನೆಲಮಹಡಿಯೇ 'ಫಸ್ಟ್ ಫ್ಲೋರ್'. ತುರ್ತು ನಂಬರ್ 911.

ಇಷ್ಟೆಲ್ಲ ನೆನಪಿಡಲು ನನ್ನಿಂದ ಆಗುವುದಿಲ್ಲ. ಯಾವುದು ಬಹಳ ಮುಖ್ಯ?

ಒಂದು ಪುಟ್ಟ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಮಕ್ಕಳ ಹೆಸರು, ಪೂರ್ತಿ ವಿಳಾಸ, ಫೋನ್ ನಂಬರ್ ಇಂಗ್ಲಿಷ್ ಅಕ್ಷರದಲ್ಲಿ ಇರಲಿ, ತೋರಿಸಿದರೆ ಯಾರಾದರೂ ಓದುವಂತೆ. ಎರಡನೇ ಪುಟದಲ್ಲಿ ಕನ್ನಡ ಅಕ್ಷರದಲ್ಲಿ ಐದೇ ಐದು ವಾಕ್ಯ: ಯಾಕೆ ಬಂದೆ, ಎಲ್ಲಿ ಇರುತ್ತೇನೆ, ಯಾವತ್ತು ವಾಪಸ್, ನನ್ನ ಔಷಧಿ ಯಾವುದಕ್ಕೆ, ಇನ್ನೊಮ್ಮೆ ಹೇಳಿ. ಮೂರನೇ ಪುಟ ಖಾಲಿ ಬಿಡಿ. ಅಲ್ಲಿ ಹೋದಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಕಿವಿಗೆ ಬಿದ್ದ ವಾಕ್ಯವನ್ನು ಇನ್, ಆನ್, ಅಟ್ ಸಮೇತ ಪೂರ್ತಿಯಾಗಿ ಬರೆದುಕೊಳ್ಳಿ. ಬರೀ ಪದ ಬರೆದುಕೊಂಡರೆ ಮತ್ತೆ ಅದೇ ತಡವರಿಕೆ. ವಾಪಸ್ ಬಂದಮೇಲೆ ಆ ಪುಟ ತಂದು ನನಗೆ ತೋರಿಸಿ. ಮುಂದಿನವರ ಪಾಠಕ್ಕೆ ಅದೇ ಬೇಕು.